ಕ್ಯಾಸೆಟ್ಟಿನಲ್ಲಿ ಉಳಿದ ಸದ್ದು: ಅಕಿ ಓಂಡಾ ಅವರ ಕೆಲಸದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಇದನ್ನು ನೋಡಿ. ಹಿಂದೆ ಕೂತವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. 90 ನಿಮಿಷದ ಕ್ಯಾಸೆಟ್, ಒಂದು ಬದಿಗೆ 45 ನಿಮಿಷ. ಒಳಗಿನ ಕಂದು ಟೇಪಿನ ಅಗಲ 4 ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ. ಅದು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಅಂದರೆ ನಾನು ಈಗ ಹೇಳಿದ ‘ನಮಸ್ಕಾರ’ ಹೆಚ್ಚುಕಮ್ಮಿ ಕಿರುಬೆರಳಿನಷ್ಟು ಉದ್ದದ ಟೇಪಿನಲ್ಲಿ ಕೂತುಬಿಡುತ್ತದೆ.

ಇದನ್ನೇ ತಮ್ಮ ವಾದ್ಯ ಮಾಡಿಕೊಂಡವರು ಅಕಿ ಓಂಡಾ. ಹುಟ್ಟಿದ್ದು 1967ರಲ್ಲಿ, ಜಪಾನಿನ ನಾರಾದಲ್ಲಿ. ಸಂಗೀತಗಾರರು, ಫೋಟೋಗ್ರಾಫರ್ ಕೂಡ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರೆ ಅವರ ಕೆಲಸ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಅವರ ಸಂಗೀತ ಕೇಳುವಾಗ ನನಗೆ ಹಳೇ ಆಲ್ಬಮ್ ತಿರುವಿದ ಹಾಗೆ ಆಗುತ್ತದೆ. ಫೋಟೋ ನೋಡುವಾಗ ಎಲ್ಲೋ ಒಂದು ಸದ್ದು ಈಗಷ್ಟೇ ನಿಂತಿತು ಅನಿಸುತ್ತದೆ.

ಅವರು ಸಂಗೀತಕ್ಕೆ ಬಂದದ್ದು ಬೇರೆಯೇ ದಾರಿಯಿಂದ. 1990ರಲ್ಲಿ ಆಡಿಯೋ ಸ್ಪೋರ್ಟ್ಸ್ ಅನ್ನುವ ತಂಡ ಕಟ್ಟಿದರು. ಜೊತೆಗಿದ್ದವರು ಬೋರ್ಡಮ್ಸ್ ತಂಡದ ಗಾಯಕ ಯಮಾತ್ಸುಕಾ ಐ ಮತ್ತು ನೊಬುಕಾಜು ತಾಕೆಮುರಾ. ಇಬ್ಬರೂ ಮುಂದೆ ಜಪಾನಿನ ಹೊಸ ಸಂಗೀತದಲ್ಲಿ ದೊಡ್ಡ ಹೆಸರಾದರು. ಅದು ಹಿಪ್‌ಹಾಪ್ ಮತ್ತು ಸ್ಯಾಂಪ್ಲರ್‌ಗಳ ಕಾಲ. ಬೇರೆಯವರ ರೆಕಾರ್ಡಿನಿಂದ ಒಂದು ತುಣುಕು ಕತ್ತರಿಸಿ, ಅದನ್ನೇ ಮತ್ತೆ ಮತ್ತೆ ಸುತ್ತಿಸಿ ಹೊಸ ಹಾಡು ಕಟ್ಟುತ್ತಿದ್ದರು. ಆ ಕಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದನ್ನು ಮಾತ್ರ ಗಮನಿಸಿ. ಕತ್ತರಿಸುವುದು, ಸುತ್ತಿಸುವುದು ಅವರಿಗೆ ಆಗಲೇ ಕೈಗೆ ಬಂದಿತ್ತು. ಮುಂದೆ ಕತ್ತರಿಗೆ ಸಿಕ್ಕ ಬಟ್ಟೆ ಬೇರೆಯದಾಯಿತು, ಅಷ್ಟೇ.

ಆ ಬಟ್ಟೆ ಅವರದೇ ದಿನಗಳು.

1980ರ ದಶಕದ ಕೊನೆಯಿಂದಲೂ ಓಂಡಾ ರೆಕಾರ್ಡ್ ಮಾಡುವ ವಾಕ್‌ಮನ್ ಇಟ್ಟುಕೊಂಡು ಓಡಾಡುತ್ತಿದ್ದರು. ಕೆಲವರು ಡೈರಿ ಬರೆಯುತ್ತಾರಲ್ಲ, ಹಾಗೆ ಇವರು ಸದ್ದು ಹಿಡಿದಿಡುತ್ತಿದ್ದರು. ಸಂಗೀತ ಕಚೇರಿ ಮಾಡಬೇಕು, ಆಲ್ಬಮ್ ತರಬೇಕು ಅಂತ ಹಿಡಿದದ್ದಲ್ಲ. ಸುಮ್ನೆ ಹಿಡಿದದ್ದು.

ವಾಕ್‌ಮನ್ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸೋನಿಯವರು ಮೊದಲ ವಾಕ್‌ಮನ್ ಅನ್ನು ಮಾರುಕಟ್ಟೆಗೆ ಬಿಟ್ಟದ್ದು 1979ರ ಜುಲೈಯಲ್ಲಿ. ಬೆಲೆ 33,000 ಯೆನ್. ಅದರಲ್ಲಿ ರೆಕಾರ್ಡ್ ಮಾಡುವುದಕ್ಕೆ ಆಗುತ್ತಿರಲಿಲ್ಲ, ಕೇಳುವುದಕ್ಕೆ ಮಾತ್ರ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಬೀದಿಯ ಗದ್ದಲ ಹೊರಗೇ ಉಳಿಯಿತು. ರೆಕಾರ್ಡ್ ಬಟನ್ ಇದ್ದ ವಾಕ್‌ಮನ್‌ಗಳು ಆಮೇಲೆ ಬಂದವು. ಓಂಡಾ ಕೈಗೆ ಸಿಕ್ಕಿದ್ದು ಅಂಥದ್ದು. ಜನ ಬೀದಿಯನ್ನು ಮರೆಯಲು ಕೊಂಡ ಯಂತ್ರದಲ್ಲಿ ಅವರು ಇಡೀ ಬೀದಿಯನ್ನೇ ಒಳಗೆ ಬಿಟ್ಟುಕೊಂಡರು. ಇದು ನನಗೆ ತುಂಬಾ ಇಷ್ಟವಾದ ವಿಷಯ.

ಹೀಗೆ ಕೂಡಿಟ್ಟ ಟೇಪುಗಳಿಂದ ಹುಟ್ಟಿದ್ದು ‘ಕ್ಯಾಸೆಟ್ ಮೆಮರೀಸ್’ ಅನ್ನುವ ಸರಣಿ. ‘ಏನ್ಶಿಯಂಟ್ ಅಂಡ್ ಮಾಡರ್ನ್’ ಮತ್ತು ‘ಬಾನ್ ವೊಯಾಜ್’ ಎರಡೂ 2003ರಲ್ಲಿ ಬಂದವು. ಮೂರನೆಯದು, ಮೆಕ್ಸಿಕೋದಲ್ಲಿ ಹಿಡಿದ ಸದ್ದುಗಳ ‘ಸೌತ್ ಆಫ್ ದಿ ಬಾರ್ಡರ್’, ಬಂದದ್ದು 2012ರಲ್ಲಿ. ಮಧ್ಯದಲ್ಲಿ ಒಂಬತ್ತು ವರ್ಷ. ಈ ಕೆಲಸಕ್ಕೆ ಆ ಕಾಯುವಿಕೆ ಬೇಕೇ ಬೇಕು. ಏಕೆಂದರೆ ನಿನ್ನೆ ಹಿಡಿದ ಸದ್ದು ಇನ್ನೂ ನಿನ್ನೆಯ ಸುದ್ದಿಯೇ. ಎಲ್ಲಿ ಹಿಡಿದದ್ದು, ಯಾರಿದ್ದರು, ಆಗ ಏನಾಯಿತು, ಎಲ್ಲ ನೆನಪಿರುತ್ತದೆ. ಸದ್ದುಗಳು ರಾಶಿಯಾಗುತ್ತಾ ಹೋದ ಹಾಗೆ ಮೂಲ ಘಟನೆಯ ಅರ್ಥ ಕಳಚಿಕೊಳ್ಳುತ್ತದೆ, ಆಗ ನೆನಪು ಹೇಗೆ ಕಟ್ಟಿಕೊಂಡಿದೆ ಅನ್ನುವುದು ಕಾಣುತ್ತದೆ ಎಂಬ ಅರ್ಥದ ಮಾತನ್ನು ಓಂಡಾ ಹೇಳಿದ್ದಾರೆ.

ಮೊದಲ ಸಲ ಈ ಮಾತು ಓದಿದಾಗ ನನಗೆ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ನಮ್ಮ ಮನೆಯ ಒಂದು ಕ್ಯಾಸೆಟ್‌ನಿಂದ.

ಅಪ್ಪ ಒಮ್ಮೆ ಅಜ್ಜಿಯ ಹಸೆ ಹಾಡುಗಳನ್ನು ರೆಕಾರ್ಡ್ ಮಾಡಿದ್ದರು. ಆಮೇಲೆ ನಾನು, ಹೈಸ್ಕೂಲಿನಲ್ಲಿದ್ದಾಗ, ಖಾಲಿ ಕ್ಯಾಸೆಟ್ ಸಿಗದೆ ಅದರ ಮೇಲೆಯೇ ರೇಡಿಯೋದಿಂದ ಚಿತ್ರಗೀತೆ ತುಂಬಿಸಿದೆ. ರೆಕಾರ್ಡ್ ಒತ್ತಿದಾಗ ಯಂತ್ರದಲ್ಲಿ ಎರಡು ಹೆಡ್ ಕೆಲಸ ಮಾಡುತ್ತವೆ. ಒಂದು ಹಳೆಯದನ್ನು ಅಳಿಸುತ್ತದೆ, ಅದರ ಪಕ್ಕದ್ದು ಹೊಸದನ್ನು ಬರೆಯುತ್ತದೆ. ಹಾಗಾಗಿ ಅಜ್ಜಿ ಅಳಿಸಿಹೋದರು. ಆದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಕಡೆ ಸುಮಾರು ಎಂಟು ಸೆಕೆಂಡ್ ಹಳೆಯದೇ ಉಳಿದಿದೆ. ‘ಟಕ್’ ಅಂತ ಬಟನ್ ಸದ್ದು. ಆಮೇಲೆ ಅಜ್ಜಿಯ ಅರ್ಧ ಸಾಲು. ಅವರ ಹಿಂದೆ ಬಾವಿಯ ರಾಟೆ ಕಿರುಗುಟ್ಟುವುದು. ಮತ್ತೆ ‘ಟಕ್’. ಅಷ್ಟೇ.

ಯಾರ ಮದುವೆಗೆ ಹಾಡಿದ್ದು, ಯಾವ ಹಾಡು, ಯಾವ ವರ್ಷ, ಕೇಳೋಣವೆಂದರೆ ಹೇಳುವವರು ಈಗ ಯಾರೂ ಇಲ್ಲ. ಆದರೂ ಆ ಎಂಟು ಸೆಕೆಂಡಿನಲ್ಲಿ ಇಡೀ ಹಿತ್ತಲು ಇದೆ. ಅಪ್ಪ ರೆಕಾರ್ಡ್ ಮಾಡಿದ್ದು ಹಾಡನ್ನು. ರಾಟೆ ತಾನಾಗಿ ಬಂದು ಕೂತದ್ದು. ಈಗ ನಾನು ಕಿವಿಗೊಟ್ಟು ಕೇಳುವುದು ರಾಟೆಯನ್ನೇ.

ಓಂಡಾ ಅವರ ಟೇಪುಗಳು ಪೂರಾ ಇಂಥ ರಾಟೆಗಳಿಂದ ತುಂಬಿವೆ.

ವೇದಿಕೆಯ ಮೇಲೆ ಅವರು ಇದನ್ನು ಮಾಡುವ ರೀತಿ ಸರಳವಾಗಿದೆ. ಎರಡು ಮೂರು ವಾಕ್‌ಮನ್. ಅವುಗಳಿಂದ ಹೊರಟ ವೈರು ಗಿಟಾರ್ ಆಂಪ್ಲಿಫೈಯರಿಗೆ. ನಡುವೆ ಸದ್ದಿನ ರೂಪ ಬದಲಿಸುವ ಒಂದಿಷ್ಟು ಎಫೆಕ್ಟ್ ಪೆಡಲ್. ಗಿಟಾರ್ ಆಂಪ್ ಅಂದರೆ ಸದ್ದನ್ನು ಶುದ್ಧವಾಗಿ ಕೊಡುವ ಪೆಟ್ಟಿಗೆ ಅಲ್ಲ. ಅದು ತನ್ನದೇ ಒರಟುತನ ಸೇರಿಸುತ್ತದೆ. ಟೇಪಿನ ‘ಸ್ಸ್’ ಅನ್ನುವ ಸದ್ದು ಅದರಲ್ಲಿ ಹಾದು ಬಂದಾಗ ಜಡಿಮಳೆಯ ಹಾಗೆ ದಟ್ಟವಾಗುತ್ತದೆ. ಸ್ಟುಡಿಯೋದವರು ಆ ‘ಸ್ಸ್’ ತೆಗೆಯಲು ಎಷ್ಟು ಕಷ್ಟಪಡುತ್ತಾರೆ ಅಲ್ವಾ? ಇವರು ಅದನ್ನು ಶ್ರುತಿಯ ಹಾಗೆ ಹಿಂದೆ ಬಿಟ್ಟುಕೊಂಡು, ಅದರ ಮೇಲೆ ಒಂದು ಊರಿನ ದನಿ, ಇನ್ನೊಂದು ಊರಿನ ಗದ್ದಲ ಇಡುತ್ತಾರೆ.

ಈಗ ಫೋಟೋಗೆ ಬರೋಣ. ‘ಸಿನಿಮೇಜ್’ ಅಂತ ಅವರದೊಂದು ಪ್ರಯೋಗ ಇದೆ. ಹೆಸರಲ್ಲೇ ಸಿನಿಮಾ ಇದೆ, ಆದರೆ ತೋರಿಸುವುದು ಸ್ಥಿರ ಚಿತ್ರಗಳನ್ನು. ತಾವು ತೆಗೆದ ಫೋಟೋಗಳನ್ನು ಸ್ಲೈಡ್ ಪ್ರೊಜೆಕ್ಟರಿನಲ್ಲಿ ಒಂದಾದ ಮೇಲೊಂದು ಬಿಡುತ್ತಾ ಹೋಗುತ್ತಾರೆ. ಜೊತೆಯಲ್ಲಿ ಗಿಟಾರ್. ಲೊರೆನ್ ಕಾನರ್ಸ್, ನೋಯೆಲ್ ಅಕ್ಶೊಟೆ ಅಂಥವರು ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಿದ್ದಾರೆ. ಗಿಟಾರ್ ಚಿತ್ರವನ್ನು ವಿವರಿಸಲು ಹೋಗುವುದಿಲ್ಲ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಎರಡು ಚಿತ್ರಗಳ ನಡುವೆ ಪರದೆ ಕತ್ತಲಾಗುತ್ತದೆ, ಆದರೆ ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಸ್ಲೈಡಿನಲ್ಲಿ ಆ ಕತ್ತಲೆ ತಿಳಿಯುತ್ತದೆ. ನಾನು ಮನೆಯಲ್ಲಿ ಹಳೆಯ ಸ್ಲೈಡ್ ಪ್ರೊಜೆಕ್ಟರ್ ಹಚ್ಚಿ ನೋಡಿದೆ. ‘ಕಟಕ್’ ಅಂದ ಮೇಲೆ ಮುಂದಿನ ಚಿತ್ರ ಬರುವ ಮುಂಚೆ, ಹೋದ ಚಿತ್ರದ ಚೂರು ಕಣ್ಣಲ್ಲಿ ಇನ್ನೂ ತೇಲುತ್ತಿರುತ್ತದೆ. ಎರಡು ಚಿತ್ರಗಳನ್ನು ಸೇರಿಸಿ ಕಥೆ ಕಟ್ಟುವುದು ಆ ಕತ್ತಲಲ್ಲೇ, ಕಟ್ಟುವವರು ನಾವೇ. ಅಜ್ಜಿಯ ಅರ್ಧ ಸಾಲಿನ ಅತ್ತ ಇತ್ತ ಇರುವ ‘ಟಕ್’ ನೆನಪಾಯಿತು ನನಗೆ.

ಇದೇ ಕಾರಣಕ್ಕೆ ಪ್ರಯೋಗದ ಸಿನಿಮಾ ಮಾಡುವವರು ಓಂಡಾ ಅವರನ್ನು ಹತ್ತಿರ ಸೇರಿಸಿಕೊಂಡರು ಅನಿಸುತ್ತದೆ. ಓಂಡಾ ಹಲವು ವರ್ಷ ನ್ಯೂಯಾರ್ಕಿನಲ್ಲಿದ್ದರು. ಅಲ್ಲಿಯ ಕೆನ್ ಜೇಕಬ್ಸ್, ಫಿಲ್ಮ್ ಇಲ್ಲದೆ ಬರೀ ಬೆಳಕು ಮತ್ತು ತಿರುಗುವ ಶಟರ್ ಇಟ್ಟುಕೊಂಡು ‘ನರ್ವಸ್ ಮ್ಯಾಜಿಕ್ ಲ್ಯಾಂಟರ್ನ್’ ಅನ್ನುವ ಪ್ರದರ್ಶನ ಕೊಡುತ್ತಿದ್ದರು. ಅದಕ್ಕೆ ಓಂಡಾ ಸದ್ದು ಕೊಟ್ಟಿದ್ದಾರೆ. ಕೆನಡಾದ ಸಿನಿಮಾ ಕಲಾವಿದ ಮೈಕೆಲ್ ಸ್ನೋ ಮತ್ತು ಗಿಟಾರಿನ ಅಲನ್ ಲಿಕ್ಟ್ ಜೊತೆ ಮೂವರ ತಂಡದಲ್ಲಿ ನುಡಿಸಿದ್ದಾರೆ.

ನನಗೆ ಇವೆಲ್ಲಕ್ಕಿಂತ ಹತ್ತಿರವಾದ ಜೋಡಿ ಅಕಿಯೊ ಸುಜುಕಿ ಅವರದ್ದು. ಸುಜುಕಿ 1941ರಲ್ಲಿ ಹುಟ್ಟಿದವರು, ಓಂಡಾಗಿಂತ 26 ವರ್ಷ ದೊಡ್ಡವರು. 1963ರಲ್ಲಿ ನಗೋಯಾ ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಮೇಲಿಂದ ಒಂದು ಬಕೆಟ್ ತುಂಬ ಸಾಮಾನು ಕೆಳಗೆ ಸುರಿದು, ಅದರ ಸದ್ದು ಕೇಳಿದವರು ಅವರು. ಆಮೇಲೆ ಎರಡು ಡಬ್ಬಿಗಳನ್ನು ಉದ್ದನೆಯ ಸ್ಪ್ರಿಂಗಿನಿಂದ ಜೋಡಿಸಿ ಅನಲಾಪೊಸ್ ಅನ್ನುವ ವಾದ್ಯ ಮಾಡಿದರು. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನ್ ಆಡುತ್ತಿದ್ದೆವಲ್ಲ, ನೋಡಲು ಅದರ ಹಾಗೆಯೇ. ಒಳಗೆ ಕೂಗಿದರೆ ಗುಹೆಯಲ್ಲಿ ಕೂಗಿದಂತೆ ಮಾರ್ದನಿ. ಇಬ್ಬರೂ ಸೇರಿ 2014ರಲ್ಲಿ ‘ಮಾ ತಾ ತಾ ಬಿ’ ಅನ್ನುವ ಆಲ್ಬಮ್ ತಂದರು. ಮತಾತಬಿ ಅನ್ನುವುದು ಬೆಕ್ಕಿಗೆ ಅಮಲೇರಿಸುವ ಒಂದು ಬಳ್ಳಿಯ ಹೆಸರು. ಒಬ್ಬರು ಆ ಗಳಿಗೆಗೆ ಹುಟ್ಟಿದ ಸದ್ದು ಕೇಳುವವರು, ಇನ್ನೊಬ್ಬರು ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಸದ್ದು ತೆಗೆಯುವವರು. ಕೇಳುತ್ತಾ ಹೋದರೆ ಯಾವುದು ಈಗಿನದು, ಯಾವುದು ಆಗಿನದು ಅನ್ನುವ ಗೆರೆ ಅಳಿಸಿಹೋಗುತ್ತದೆ.

ಇನ್ನೊಂದು ಪ್ರಸಂಗ ಹೇಳಿ ನಿಲ್ಲಿಸುತ್ತೇನೆ. ವಿಡಿಯೋ ಕಲೆಯ ದೊಡ್ಡ ಹೆಸರು ನಾಮ್ ಜೂನ್ ಪೈಕ್. ಸೋಲ್‌ನಲ್ಲಿ ಹುಟ್ಟಿ, 2006ರಲ್ಲಿ ಅಮೆರಿಕದ ಮಯಾಮಿಯಲ್ಲಿ ತೀರಿಕೊಂಡರು. 2010ರಲ್ಲಿ ಓಂಡಾ ದಕ್ಷಿಣ ಕೊರಿಯಾದಲ್ಲಿ ಪೈಕ್ ಹೆಸರಿನ ಕಲಾ ಕೇಂದ್ರಕ್ಕೆ ಕಾರ್ಯಕ್ರಮ ಕೊಡಲು ಹೋಗಿದ್ದರು. ಆ ದಿನಗಳಲ್ಲಿ ಸೋಲ್‌ನ ಹೋಟೆಲ್ ಕೋಣೆಯಲ್ಲಿ ಸಣ್ಣ ರೇಡಿಯೋ ತಿರುಗಿಸುತ್ತಿರುವಾಗ ಯಾವ ಸ್ಟೇಷನ್ನಿನದೂ ಅಲ್ಲದಂಥ ವಿಚಿತ್ರ ಸದ್ದು ಸಿಕ್ಕಿತು. ಅದು ಪೈಕ್ ಅವರೇ ತನ್ನೊಡನೆ ಮಾತಾಡಿದ್ದು ಅಂತ ಓಂಡಾ ನಂಬಿದರು. ಮುಂದೆ ಬೇರೆ ಬೇರೆ ಊರುಗಳಲ್ಲೂ ರೇಡಿಯೋ ಹಚ್ಚಿ ಅಂಥ ಸದ್ದಿಗಾಗಿ ಕಾದರು, ಸಿಕ್ಕಿದ್ದನ್ನು ರೆಕಾರ್ಡ್ ಮಾಡಿದರು. ಅದು 2020ರಲ್ಲಿ ಆಲ್ಬಮ್ ಆಗಿ ಬಂತು.

ನಾನು ಆ ನಂಬಿಕೆಯ ಬಗ್ಗೆ ವಾದ ಮಾಡುವುದಿಲ್ಲ. ರಾತ್ರಿ ಒಬ್ಬರೇ ಕೂತು, ತೀರಿಹೋದವರ ದನಿಗಾಗಿ ಮುಳ್ಳನ್ನು ಒಂದೊಂದೇ ಕೂದಲೆಳೆಯಷ್ಟು ತಿರುಗಿಸುವ ಆ ಕೈ ಮಾತ್ರ ನನಗೆ ಕಾಣುತ್ತದೆ.

ನಾನು ತಂದಿರುವುದು ನಮ್ಮ ಮನೆಯ ಅದೇ ಕ್ಯಾಸೆಟ್. ಪೆನ್ಸಿಲ್ ಹಾಕಿ ಸುತ್ತಿ, ಆ ಜಾಗಕ್ಕೆ ತಂದಿಟ್ಟಿದ್ದೇನೆ. ದಯವಿಟ್ಟು ಫ್ಯಾನ್ ಆರಿಸಿ. ಎಂಟೇ ಸೆಕೆಂಡ್.