ಅವಳಿಗೆ ಹೇಳದೆ ಕೊಟ್ಟ ಕಷಾಯ

ಕೇಳುಗರಿಗೆ ನಮಸ್ಕಾರ. ಕ್ಯಾನ್ಸರ್ ಬಗ್ಗೆ ಮಾತಾಡಿ ಅಂತ ಕೇಳಿದಾಗ ಮೊದಲು ಬೇಡ ಅಂದಿದ್ದೆ. ನಾನು ಡಾಕ್ಟರಲ್ಲ, ಕಾಯಿಲೆ ಬಂದದ್ದೂ ನನಗಲ್ಲ, ನನ್ನ ಹೆಂಡತಿಗೆ. ಆಮೇಲೆ ಅವಳನ್ನೇ ಕೇಳಿದೆ. "ಹೋಗಿ ಮಾತಾಡಿ, ಆದ್ರೆ ಕಷಾಯದ ವಿಷಯ ಬಿಡಬೇಡಿ" ಅಂದಳು. ಬಿಡುವುದಿಲ್ಲ.

ನಮ್ಮದು ಸಾಗರದ ಕಡೆ, ಅಡಿಕೆ ತೋಟದ ಮನೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ನೋವಿರಲಿಲ್ಲ. ನೋವಿಲ್ಲವಲ್ಲ, ಕೊಯ್ಲು ಮುಗಿಯಲಿ ಅಂತ ಎರಡು ತಿಂಗಳು ಯಾರಿಗೂ ಹೇಳದೆ ಸುಮ್ಮನಿದ್ದಳು. ನೋಯದ ಗಂಟಿಗೆ ಭಯ ಇಲ್ಲ ಅನ್ನೋದು ತಪ್ಪು, ಇದೊಂದನ್ನು ಮಾತ್ರ ಜೋರಾಗಿ ಹೇಳುತ್ತೇನೆ. ಆಪರೇಷನ್ ಆಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ 21 ದಿನಕ್ಕೊಂದರಂತೆ 4 ಕೀಮೋ, ಅದಾದ ಮೇಲೆ ವಾರಕ್ಕೊಂದರಂತೆ 12.

ಮೊದಲ ನಾಲ್ಕರಲ್ಲಿ ಕೊಡುವ ಒಂದು ಔಷಧಿ ಕೆಂಪಗಿರುತ್ತದೆ, ಕುಂಕುಮ ಕದಡಿದ ನೀರಿನ ಹಾಗೆ. ಮನೆಗೆ ಬಂದ ಸಂಜೆ ಬಚ್ಚಲಿಂದ ಕೂಗಿದಳು, ರಕ್ತ ಹೋಗ್ತಾ ಇದೆ ಅಂತ. ರಕ್ತವಲ್ಲ, ಆ ಔಷಧಿಯದೇ ಬಣ್ಣ. ಮೂತ್ರ ಒಂದೆರಡು ದಿನ ಹಾಗೇ ಇರುತ್ತೆ ಅಂತ ಸಿಸ್ಟರ್ ನನಗೆ ಹೇಳಿದ್ದರು. ನಾನು ಅವಳಿಗೆ ಹೇಳುವುದನ್ನು ಮರೆತಿದ್ದೆ. ಅವಳಿಗೆ ಹೇಳದೆ ಇರುವ ನನ್ನ ಅಭ್ಯಾಸ ಅಲ್ಲಿಂದಲೇ ಶುರುವಾಯಿತೋ ಏನೋ.

ನನಗೆ ಅಲ್ಲಿಯವರೆಗೆ ಕಾಫಿ ಬಿಟ್ಟರೆ ಬೇರೆ ಏನೂ ಮಾಡಲು ಬರುತ್ತಿರಲಿಲ್ಲ. ಒಗ್ಗರಣೆ ವಾಸನೆ ಬಂದರೆ ಅವಳಿಗೆ ವಾಂತಿ. ಹಾಗಾಗಿ ಗಂಜಿ ಕಲಿತೆ. ಸ್ಟೀಲ್ ಚಮಚ ಬಾಯಿಗಿಟ್ಟರೆ ಕಬ್ಬಿಣ ನೆಕ್ಕಿದ ಹಾಗಾಗುತ್ತೆ ಅನ್ನುತ್ತಿದ್ದಳು, ಕೀಮೋದಲ್ಲಿ ತುಂಬಾ ಜನಕ್ಕೆ ಹೀಗಾಗುತ್ತದಂತೆ. ಅಮ್ಮ ಒಂದು ಮಾತೂ ಆಡದೆ ಹಿತ್ತಲಿಗೆ ಹೋಗಿ ಹಲಸಿನ ಎಲೆ ಕೊಯ್ದು, ಬಿಸಿನೀರಲ್ಲಿ ತೊಳೆದು, ಮಡಚಿ ಕಡ್ಡಿ ಚುಚ್ಚಿ ಕೊಟ್ಟರು. ಹಿಂದೆ ಗಂಜಿ ಉಣ್ಣುತ್ತಿದ್ದದ್ದೇ ಹಾಗಲ್ವಾ. ಬಾಯಿ ತುಂಬಾ ಹುಣ್ಣು ಇದ್ದದ್ದರಿಂದ ಉಪ್ಪಿನಕಾಯಿ ಮುಟ್ಟುವ ಹಾಗಿರಲಿಲ್ಲ. ಅಪ್ಪೆಮಿಡಿ ಜಾಡಿಯ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟುಕೊಂಡು, ಒಂದು ಸಲ ಮೂಸುವುದು, ಒಂದು ಗುಟುಕು ಗಂಜಿ, ಮತ್ತೆ ಮೂಸುವುದು. ಮಗಳು ನಕ್ಕುಬಿಟ್ಟಳು. ಇವಳೂ ನಕ್ಕಳು. ತುಂಬಾ ದಿನಗಳ ಮೇಲೆ.

ಅಮ್ಮನ ಒಂದೆಲಗದ ತಂಬುಳಿಗೆ ಮಾತ್ರ ಡಾಕ್ಟರು ಬೇಡ ಅಂದರು. ಕೀಮೋ ಆಗಿ ಒಂದೆರಡು ವಾರಕ್ಕೆ ರಕ್ತದ ಬಿಳಿ ಕಣ ಇಳಿದುಬಿಡುತ್ತದೆ, ಆಗ ಹಸಿ ಸೊಪ್ಪು ಬೇಡ, ಬೇಯಿಸಿದ್ದು ಕೊಡಿ, ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎಷ್ಟೊತ್ತಾದರೂ ಆಸ್ಪತ್ರೆಗೆ ಬನ್ನಿ ಅಂತ ಹೇಳಿದ್ದರು.

ಈಗ ಕಷಾಯ. ಕಾಯಿಲೆ ಸುದ್ದಿ ಹಬ್ಬಿದ ಮೇಲೆ ಮನೆಗೆ ಬಂದವರೆಲ್ಲ ವೈದ್ಯರೇ. ಲಕ್ಷ್ಮಣಫಲ ಕೊಡಿ ಅಂತ ಒಬ್ಬರು, ಸಕ್ಕರೆ ಬಿಡಿಸಿ ಅಂತ ಇನ್ನೊಬ್ಬರು. ಕೊನೆಗೆ ಪರಿಚಯದವರೊಬ್ಬರು ಬಟ್ಟೆ ಚೀಲದಲ್ಲಿ ಯಾವುದೋ ತೊಗಟೆಯ ಪುಡಿ ತಂದುಕೊಟ್ಟರು. ಯಾವ ಮರ ಅಂತ ಕೇಳಿದೆ. ಹೇಳಬಾರದು, ಹೇಳಿದರೆ ಗುಣ ಹೋಗುತ್ತೆ ಅಂದರು. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು. ಇವಳು ಡಾಕ್ಟರನ್ನು ಕೇಳದೆ ಏನೂ ಬೇಡ ಅಂತ ಮೊದಲೇ ಹೇಳಿದ್ದಳು. ನಾನೇನು ಮಾಡಿದೆ ಅಂದರೆ, ದಿನಾ ಬೆಳಿಗ್ಗೆ ಕುಡಿಯುವ ಕೊತ್ತಂಬರಿ ಜೀರಿಗೆ ಕಷಾಯಕ್ಕೇ ಅದನ್ನು ಸೇರಿಸಿ, ಹಾಲು ಬೆಲ್ಲ ಜಾಸ್ತಿ ಹಾಕಿ ಕೊಟ್ಟೆ. ಯಾಕೋ ಕಹಿ ಅಂದಳು. ನಿನ್ನ ಬಾಯಿರುಚಿ ಕೆಟ್ಟಿದೆ ಅಂದೆ. ನಂಬಿ ಕುಡಿದಳು. ಹತ್ತು ದಿನ.

ಮೂರನೇ ಕೀಮೋಗೆ ಮುಂಚೆ ಮಾಡಿದ ರಕ್ತ ಪರೀಕ್ಷೆಯಲ್ಲಿ ಲಿವರ್ ಲೆಕ್ಕ ಏರಿತ್ತು. ಬೇರೆ ಏನಾದರೂ ಔಷಧಿ ತಗೊಂಡ್ರಾ ಅಂತ ಡಾಕ್ಟರು ಕೇಳಿದರು. ಇಲ್ಲ ಅಂದಳು, ಎಷ್ಟು ಧೈರ್ಯವಾಗಿ ಅಂದಳು. ನಾನು ನೆಲ ನೋಡುತ್ತಾ ಎಲ್ಲ ಹೇಳಿದೆ. ಪುಡಿಯಿಂದಲೇ ಆಯಿತು ಅಂತ ಅವರು ಹೇಳಲಿಲ್ಲ, ಕೀಮೋದಿಂದಲೂ ಹಾಗಾಗಬಹುದು. ಏನಿದೆ ಅಂತಲೇ ಗೊತ್ತಿಲ್ಲದ ಪುಡಿ ಹೊಟ್ಟೆಯಲ್ಲಿದ್ದರೆ ಯಾವುದರಿಂದ ಅಂತ ಹೇಗೆ ಹೇಳೋದು ಅಂದರು. ಕೀಮೋ ಹತ್ತು ದಿನ ಮುಂದೆ ಹೋಯಿತು.

ಬೈಯಲಿಲ್ಲ ಅವರು. ಇನ್ನೊಂದು ವಿಷಯ ಹೇಳಿದರು. ಮುಂದೆ 12 ವಾರ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದೂ ತೊಗಟೆಯಲ್ಲೇ, ಅಮೆರಿಕದ ಕಾಡಿನ ಯೂ ಅನ್ನುವ ಮರದ ತೊಗಟೆಯಲ್ಲಿ. 1960ರ ದಶಕದಲ್ಲಿ ಆ ತೊಗಟೆ ತಂದು ಪರೀಕ್ಷೆ ಶುರು ಮಾಡಿದರು, ಅದು ಔಷಧಿಯಾಗಿ ಅಲ್ಲಿ ಒಪ್ಪಿಗೆ ಪಡೆಯುವ ಹೊತ್ತಿಗೆ 1992 ಆಗಿತ್ತು. ನಮ್ಮ ಬಾವಿಕಟ್ಟೆ ಪಕ್ಕ ಬೆಳೆದ ನಿತ್ಯಪುಷ್ಪ ಇದೆಯಲ್ಲ, ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬರುವುದು ಅದರಿಂದಲೇ. ಹಾಗಂತ ಎಲೆ ಕಿತ್ತು ಜಗಿಯಬೇಡಿ, ಅದು ವಿಷ. ಆಸ್ಪತ್ರೆಯಲ್ಲಿ ಎತ್ತರ, ತೂಕ ನೋಡಿ ಲೆಕ್ಕ ಹಾಕಿ ಮಿಲಿಗ್ರಾಂನಲ್ಲಿ ಕೊಡುತ್ತಾರೆ. ನಾನು ಕೊಟ್ಟದ್ದು ಚಮಚದ ಲೆಕ್ಕ.

ಇವಳು ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಅಂದದ್ದು ಇಷ್ಟು: "ಎದೆ ಕೊಯ್ಯುವಾಗಲೂ ನನ್ನ ಸಹಿ ಕೇಳಿದ್ರು. ನೀವು ಕೇಳ್ಲಿಲ್ಲ."

ಅವತ್ತಿಂದ ಕೇಳಲು ಕಲಿತೆ. ಊಟಕ್ಕೆ ಏನು, ನೆಂಟರು ಬರಲೋ ಬೇಡವೋ, ಕೂದಲು ಪೂರ್ತಿ ತೆಗೆಸೋಣವಾ. ರಾತ್ರಿ ಪಕ್ಕದಲ್ಲಿ ಮಲಗಿದಾಗ ಹೆಗಲ ಮೇಲೆ ಕೈ ಇಡಲಾ ಅಂತಲೂ ಕೇಳುತ್ತಿದ್ದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ! ಕೆಲವು ರಾತ್ರಿ ಬೇಡ ಅಂದಳು. ಒಂದು ದಿನ ತಾನೇ ಗಾಯದ ಗೆರೆ ತೋರಿಸಿದಳು. ಅದರ ಬಗ್ಗೆ ಇಲ್ಲಿ ಜಾಸ್ತಿ ಹೇಳಲ್ಲ.

ಪ್ರಕೃತಿ ಚಿಕಿತ್ಸೆ ಅಂತ ನಾವು ಮಾಡಿದ್ದು ಅಂದರೆ ಬೆಳಿಗ್ಗೆ ತೋಟದಲ್ಲಿ ನಡೆದದ್ದು. ಸುಸ್ತಾದವರು ಮಲಗಿರಬೇಕು ಅಂದುಕೊಂಡಿದ್ದೆ. ಕೀಮೋದ ಸುಸ್ತಿಗೆ ನಡೆಯುವುದೇ ಒಳ್ಳೆಯದು ಅಂತ ಡಾಕ್ಟರು ಅಂದರು. ಮೊದಲ ದಿನ ಕೊಟ್ಟಿಗೆಯವರೆಗೆ, ತಿಂಗಳ ಮೇಲೆ ಹೊಳೆಯವರೆಗೆ. ಆಪರೇಷನ್ ಆದ ಕಡೆಯ ಕೈ ಬಿಗಿಯದಿರಲಿ ಅಂತ ಬೆರಳುಗಳನ್ನು ಗೋಡೆ ಮೇಲೆ ಹಲ್ಲಿ ಹತ್ತಿದ ಹಾಗೆ ಹತ್ತಿಸುತ್ತಿದ್ದಳು. ಎಷ್ಟು ಎತ್ತರ ಹೋಯಿತು ಅಂತ ಮಗಳು ಪೆನ್ಸಿಲ್ಲಲ್ಲಿ ಗೆರೆ ಹಾಕುತ್ತಿದ್ದಳು. ಗೆರೆ ಇನ್ನೂ ಇದೆ, ಸುಣ್ಣ ಬಳಿಯಲು ಬಿಟ್ಟಿಲ್ಲ.

ಆ ಯೂ ಮರದ ಔಷಧಿ ಅವಳ ಬೆರಳ ತುದಿಗಳನ್ನು ಜೋಮು ಹಿಡಿಸಿಬಿಟ್ಟಿತು. ಬ್ಲೌಸಿನ ಹುಕ್ ಹಾಕಲು ಆಗುತ್ತಿರಲಿಲ್ಲ, ಹೂ ಕಟ್ಟುವುದಂತೂ ದೂರ. ಕೀಮೋ ಮುಗಿದು, ರೇಡಿಯೇಷನ್ 15 ದಿನವೂ ಮುಗಿದು ವರ್ಷದ ಮೇಲಾಯಿತು. ಈಗ ದಿನಕ್ಕೊಂದು ಮಾತ್ರೆ. ಜೋಮು ನಿಧಾನಕ್ಕೆ ಬಿಡುತ್ತಿದೆ. ಮೊನ್ನೆ ಜಗುಲಿಯಲ್ಲಿ ಬಾಳೆನಾರು ನೆನೆಸಿಕೊಂಡು ಸೇವಂತಿಗೆ ಕಟ್ಟಲು ಕೂತಳು. ಒಂದು ಮೊಳ ಆಗುವಷ್ಟರಲ್ಲಿ ಗಂಟು ಸಡಿಲಾಗಿ ಎರಡು ಹೂ ಜಾರಿ ಕೆಳಗೆ ಬಿದ್ದವು. ಎತ್ತಿಕೊಡಲಾ ಅಂತ ಕೇಳಿದೆ.

"ಬೇಡ, ಅಲ್ಲೇ ಇರ್ಲಿ" ಅಂದಳು.

ನಮಸ್ಕಾರ.