ಹಲಗೆ, ದಾರ, ಮೂರು ಬೀಗ

ಕೇಳುಗರಿಗೆ ನಮಸ್ಕಾರ. ಭೌತಶಾಸ್ತ್ರ ಕಲಿಯಬೇಕಾದರೆ ಗಣಿತ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಗಣಿತಕ್ಕೂ ಭೌತಶಾಸ್ತ್ರ ಬೇಕು. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಬಂದಿರುವುದೇ ಇದೊಂದನ್ನು ಹೇಳುವುದಕ್ಕೆ.

ಮೈಸೂರು, ಮಂಡ್ಯ, ತಿ. ನರಸೀಪುರ. ಮೂರೂ ಊರು ಸೇರಿಸುವ ನೇರ ರಸ್ತೆ ಹಾಕಬೇಕು. ಒಟ್ಟು ಉದ್ದ ಆದಷ್ಟೂ ಕಡಿಮೆ ಇರಬೇಕು. ರಸ್ತೆಗಳು ಕೂಡುವ ಜಾಗ ಎಲ್ಲಿ? 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಇಂಥದ್ದೇ ಪ್ರಶ್ನೆ ಕೇಳಿದ. ಇಟಲಿಯ ಟಾರಿಚೆಲ್ಲಿ ಬಿಡಿಸಿದ.

ನನ್ನ ತರಗತಿಯ ಮಕ್ಕಳು ಪುಟಗಟ್ಟಲೆ ಲೆಕ್ಕ ಮಾಡಿ ಸುಸ್ತಾಗಿದ್ದರು. ಮಾರನೇ ದಿನ ಮನೆಯಿಂದ ಒಂದು ಹಲಗೆ ತಂದೆ. ಅದಕ್ಕೆ ನಕ್ಷೆ ಅಂಟಿಸಿ, ಮೂರು ಊರಿನ ಮೇಲೂ ತೂತು ಕೊರೆದೆ. ಮೂರು ದಾರಕ್ಕೆ ಮೇಣ ಸವರಿ, ತುದಿ ಸೇರಿಸಿ ಗಂಟು ಹಾಕಿದೆ. ಇನ್ನೊಂದು ತುದಿಗಳನ್ನು ತೂತಿನಲ್ಲಿ ಇಳಿಬಿಟ್ಟು, ಒಂದೊಂದಕ್ಕೂ ಒಂದೇ ಅಳತೆಯ ಬೀಗ ಕಟ್ಟಿದೆ. ಹಲಗೆಯನ್ನು ಎರಡು ಬೆಂಚಿನ ಮಧ್ಯೆ ಇಟ್ಟು, ಗಂಟಿನಿಂದ ಕೈ ತೆಗೆದೆ. ಸರಕ್ಕನೆ ಜಾರಿ ನಿಂತಿತು. ಎಲ್ಲಿ ಗೊತ್ತಾ? ಬನ್ನೂರಿಗೆ ಸ್ವಲ್ಪ ಈಚೆ, ಮೈಸೂರಿನ ಕಡೆಗೆ. ಬೆರಳಿನಿಂದ ಪಕ್ಕಕ್ಕೆ ಎಳೆದು ಬಿಟ್ಟರೂ ಮತ್ತೆ ಅಲ್ಲಿಗೇ.

ಯಾಕೆ? ಬೀಗಗಳು ಆದಷ್ಟೂ ಕೆಳಗೆ ಇಳಿಯಲು ನೋಡುತ್ತವೆ. ಹಲಗೆಯ ಕೆಳಗೆ ದಾರ ಜಾಸ್ತಿ ಆದರೆ ಮೇಲೆ ಕಡಿಮೆ ಆಗಲೇಬೇಕು, ಅಲ್ವಾ? ಮೇಲಿನ ದಾರವೇ ನಮ್ಮ ರಸ್ತೆ. ಮೂರೂ ಬೀಗದ ಎಳೆತ ಸಮ. ಹಾಗಾಗಿ ಗಂಟಿನ ಸುತ್ತ ಮೂರೂ ಕೋನ 120 ಡಿಗ್ರಿ. ಹಿಂದಿನ ಬೆಂಚಿನ ಹುಡುಗಿ ಕೋನಮಾಪಕ ಇಟ್ಟು ನೋಡಿ, "ಬಂತು ಸಾರ್, ಬಂತು!" ಅಂತ ಕೂಗಿದಳು. ಲೆಕ್ಕ ಬಿಡಿಸಿದ್ದು ಯಾರು? ಬೀಗ! ಗಣಿತಕ್ಕೆ ಭೌತಶಾಸ್ತ್ರ ಬೇಕು ಅಂದೆನಲ್ಲ, ಇದಕ್ಕೇ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಆರ್ಕಿಮಿಡೀಸ್ ಗೋಳದ ಗಾತ್ರವನ್ನು ಮನಸ್ಸಿನಲ್ಲೇ ತಕ್ಕಡಿಗೆ ಹಾಕಿ ಕಂಡುಕೊಂಡ. ಅದು ಸರಿ ಅಂತ ಗಣಿತದಲ್ಲಿ ಸಾಧಿಸಿ ಬರೆದದ್ದು ಆಮೇಲೆ. ಶಾಖ ಹೇಗೆ ಹರಡುತ್ತದೆ ಅಂತ ಹುಡುಕಿದ ಫೂರ್ಯೇಯಿಂದ ಫೂರ್ಯೇ ಶ್ರೇಣಿ ಬಂತು, ಅಂದರೆ ಏರಿಳಿತಗಳನ್ನು ಸರಳ ಅಲೆಗಳ ಮೊತ್ತವಾಗಿ ಬರೆಯುವ ಗಣಿತ. 1991ರಲ್ಲಿ ಸ್ಟ್ರಿಂಗ್ ಥಿಯರಿಯವರು, ಅಂದರೆ ಕಣಗಳೆಲ್ಲ ಪುಟ್ಟ ತಂತಿಗಳ ಕಂಪನ ಅನ್ನುವ ಭೌತಶಾಸ್ತ್ರಜ್ಞರು, ಒಂದು ಆಕಾರದ ಮೇಲೆ ಒಂದು ಬಗೆಯ ವಕ್ರರೇಖೆಗಳು 31,72,06,375 ಇವೆ ಅಂದರು. ನಾರ್ವೆಯ ಇಬ್ಬರು ಗಣಿತಜ್ಞರ ಕಂಪ್ಯೂಟರ್ ಬೇರೆ ಸಂಖ್ಯೆ ಕೊಟ್ಟಿತ್ತು. ಅವರು ಪ್ರೋಗ್ರಾಂ ಮತ್ತೆ ತೆಗೆದು ನೋಡಿದರು. ತಪ್ಪು ಅದರಲ್ಲೇ ಇತ್ತು. ತಿದ್ದಿ ಓಡಿಸಿದಾಗ ಬಂದದ್ದು 31,72,06,375.

ನಮಸ್ಕಾರ.