ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ: ತಪಾಸಣೆ ಮತ್ತು ಬೆಲೆಯ ವಿವೇಚನೆ

ಮಾನ್ಯ ಸಭಿಕರೆ,

ಕಲಬುರಗಿಯಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರಿನ ವಿಷಯ ಕೇಳಲು ಇಷ್ಟು ಜನ ಸೇರಿರುವುದು ನನಗೆ ನಿಜಕ್ಕೂ ಸಂತೋಷ ತಂದಿದೆ. ಇಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದೀರಿ, ಗ್ಯಾರೇಜ್ ನಡೆಸುವ ಮೇಸ್ತ್ರಿಗಳಿದ್ದೀರಿ, ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಎಂ.ಜಿ. ಎಂಬ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ ಎಂಬ ಸುದ್ದಿ ಕೇಳಿ ಮನಸ್ಸು ಮಾಡಿರುವವರೂ ಇದ್ದೀರಿ. ಮುಖ್ಯವಾಗಿ ಈ ಕೊನೆಯವರನ್ನು ಎದುರಿಗಿಟ್ಟುಕೊಂಡು ನಾನು ಮಾತನಾಡುತ್ತೇನೆ. ಎಂಜಿನ್ ಕೆಟ್ಟರೆ ಬಿಚ್ಚಿ ಮತ್ತೆ ಕಟ್ಟಬಹುದು. ಆದರೆ ಕಾರಿನ ಮೈಕಟ್ಟು ಒಳಗಿಂದೊಳಗೇ ತುಕ್ಕು ತಿಂದಿದ್ದರೆ, ಅಥವಾ ಕಾರಿನ ಗುರುತು ಕಾಗದಕ್ಕೆ ಹೊಂದದಿದ್ದರೆ, ಅದನ್ನು ಸರಿಪಡಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಆದಕಾರಣ ತಪಾಸಣೆ ಬಾನೆಟ್ ಎತ್ತುವುದರಿಂದ ಆರಂಭವಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಸಂಖ್ಯೆಗಳನ್ನು ನೋಡಬೇಕು. ಆರ್.ಸಿ.ಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ ಇರುವ ಚಾಸಿ (ಕಾರಿನ ತಳದ ಚೌಕಟ್ಟು) ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ ಕಾರಿನ ಮೇಲಿರುವವುಗಳೊಂದಿಗೆ ಕಣ್ಣಾರೆ ತಾಳೆ ಹಾಕಿ ನೋಡಬೇಕೇ ಹೊರತು ಮಾರುವವರು ಮೊಬೈಲಿಗೆ ಕಳಿಸಿದ ಫೋಟೋ ನಂಬಿ ಒಪ್ಪಬಾರದು. ಸ್ಕ್ರೂ ಹಾಕಿ ಕೂರಿಸಿದ ಪಟ್ಟಿಯನ್ನು ಯಾರು ಬೇಕಾದರೂ ಬದಲಿಸಬಹುದು. ಚಾಸಿಯ ಉಕ್ಕಿನ ಮೇಲೆಯೇ ಒತ್ತಿದ ಸಂಖ್ಯೆಯೇ ಹೆಚ್ಚು ನಂಬಿಕೆಗೆ ಅರ್ಹ. ಅದರ ಸುತ್ತ ಗ್ರೈಂಡರ್ ಹಿಡಿದ ಗುರುತಿದೆಯೇ, ಅಂಕಿಗಳ ಆಳ ಒಂದೇ ಸಮನಾಗಿದೆಯೇ, ಪಕ್ಕದಲ್ಲಿ ವೆಲ್ಡಿಂಗ್ ಆಗಿದೆಯೇ ಎಂಬುದನ್ನು ಬ್ಯಾಟರಿ ಬೆಳಕಿನಲ್ಲಿ ಪರಿಶೀಲಿಸಬೇಕು. ಆಯಾ ಮಾದರಿಯ ಸಂಖ್ಯೆಗಳ ಕ್ರಮವನ್ನು ಮೊದಲೇ ಓದಿಕೊಂಡು ಹೋದರೆ ಬಹಳ ಉಪಯೋಗ. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿಸಿ ಕಾರುಗಳ ಚಾಸಿ ಸಂಖ್ಯೆ 0251ರಿಂದ ಶುರುವಾಗುತ್ತದೆ. 251 ಎಂಬುದು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿದ್ದ ಎಂ.ಜಿ. ಕಾರ್ಖಾನೆಯ ದೂರವಾಣಿ ಸಂಖ್ಯೆಯಾಗಿತ್ತು. ಅದಕ್ಕಿಂತ ಕಡಿಮೆ ಸಂಖ್ಯೆಯ ಟಿಸಿಯನ್ನು ಯಾರಾದರೂ ತೋರಿಸಿದರೆ ಮಾತು ಅಲ್ಲಿಗೇ ಮುಗಿಯಿತು. ಅದೇ ಕಂಪನಿಯ ಎಂ.ಜಿ.ಬಿ.ಯಂಥ ಕಾರುಗಳಿಗೆ ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ತಯಾರಿಕೆಯ ದಾಖಲೆಯ ಪ್ರಮಾಣಪತ್ರ ತರಿಸಿಕೊಳ್ಳಬಹುದು. ಕಾರು ಯಾವ ದಿನ ತಯಾರಾಯಿತು, ಅದರ ಮೂಲ ಬಣ್ಣ ಯಾವುದು, ಮೂಲ ಎಂಜಿನ್ ಸಂಖ್ಯೆ ಏನು ಎಂಬ ವಿವರಗಳು ಅದರಿಂದ ತಿಳಿಯುತ್ತವೆ.

ಕಾಗದದ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷವಿದೆ. ಕಲಬುರಗಿ, ಬೀದರ ಭಾಗಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿದವು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಹೀಗಾಗಿ ಒಂದೇ ಮನೆತನದಲ್ಲಿ ಉಳಿದುಬಂದ ಕಾರಿನ ಕಾಗದಗಳೂ ಬೇರೆ ಬೇರೆ ಆಡಳಿತದ ಕಚೇರಿಗಳನ್ನು ದಾಟಿ ಬಂದಿರಬಹುದು. ಹಳೆಯ ಗಂಟಿನಲ್ಲಿ ಉರ್ದು ಬರಹದ ರಸೀದಿಯೋ ಪತ್ರವೋ ಸಿಕ್ಕರೆ ಅದನ್ನು ರದ್ದಿಯೆಂದು ಬದಿಗಿಡದೆ ಓದಬಲ್ಲ ಹಿರಿಯರಿಂದ ಓದಿಸಿಕೊಳ್ಳಿ. ಕಾರಿನ ಮಾಲೀಕತ್ವದ ಸರಪಳಿಯಲ್ಲಿ ಕಳಚಿದ ಒಂದು ಕೊಂಡಿ ಅದರಲ್ಲೇ ಸಿಗಬಹುದು. ಆರ್.ಸಿ. ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದು ಮೊಮ್ಮಗ ಮಾರುತ್ತಿದ್ದರೆ, ಮೊದಲು ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಕಾರು ವರ್ಗವಾಗಲಿ, ಉಳಿದ ವಾರಸುದಾರರ ಒಪ್ಪಿಗೆಯೂ ಬರಹದಲ್ಲಿ ಬರಲಿ. ಅಣ್ಣತಮ್ಮಂದಿರ ವ್ಯಾಜ್ಯವನ್ನು ಕಾರಿನ ಜೊತೆಗೆ ಕೊಂಡುತರುವುದು ಯಾರಿಗೂ ಬೇಡ.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯನ್ನೂ ಇಲ್ಲಿ ಹೇಳಲೇಬೇಕು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲೇ ಇರುವ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ; ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಅಕ್ಷರಗಳಿರುವ ಸಂಖ್ಯೆ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಹಾಗೆ ನೋಂದಣಿಯಾದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನವೂ ಕಚೇರಿಗೆ ಓಡಿಸುವಂತಿಲ್ಲ. ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತು ನೇರವಾಗಿ ನಮ್ಮ ತಪಾಸಣೆಗೆ ಸಂಬಂಧಿಸಿದ್ದು. ಬೇರೆ ಎಂಜಿನ್ ಕೂರಿಸಿದ ಕಾರಿಗೆ ವಿಂಟೇಜ್ ಕಾರಿನ ಬೆಲೆ ಕೊಟ್ಟುಬಿಟ್ಟರೆ ಹಣವೂ ಹೋಯಿತು, ನೋಂದಣಿಯೂ ತಪ್ಪಿತು.

ಇನ್ನು ಮೈಕಟ್ಟು. ಸಾಧ್ಯವಾದರೆ ಶಹಾಬಾದ ಫರ್ಸಿ ಹಾಸಿದ ಸಮತಟ್ಟಾದ ಅಂಗಳದಲ್ಲಿ, ಬೆಳಗಿನ ಹೊತ್ತು ಕಾರನ್ನು ನಿಲ್ಲಿಸಿ ನೋಡಿ. ಸಂಜೆ ದೀಪದ ಬೆಳಕಿನಲ್ಲಿ, ಇಲ್ಲವೇ ಆಗಷ್ಟೇ ತೊಳೆದು ಒದ್ದೆಯಾಗಿರುವಾಗ ಎಲ್ಲ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಹವೆ ಒಣ ಹವೆ. ಕರಾವಳಿಯ ಕಾರಿಗೆ ಹಿಡಿಯುವಷ್ಟು ತುಕ್ಕು ಇಲ್ಲಿನ ಕಾರಿಗೆ ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಎರೆಮಣ್ಣಿನ ನೆಲದ ಮೇಲೆ ತಗಡಿನ ಶೆಡ್ಡು ಹಾಕಿ ಅದರಲ್ಲಿ ವರ್ಷಾನುಗಟ್ಟಲೆ ನಿಲ್ಲಿಸಿದ ಕಾರಿನ ಕಥೆ ಬೇರೆ. ಎರೆಮಣ್ಣು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ತೇವ ಬಿಡುತ್ತದೆ. ಮೇಲಿನ ಬಣ್ಣ ಹಾಗೇ ಇರುವಾಗ ತಳದ ತಗಡು ಸವೆದು ಕಾಗದದಷ್ಟು ತೆಳ್ಳಗಾಗಿರುತ್ತದೆ. ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ಅಂಟಿಕೊಂಡ ಮಣ್ಣಿನ ಹಿಂದೆಯೂ ಇದೇ ನಡೆಯುತ್ತದೆ. ನಮ್ಮೂರಿನ ಹಿರಿಯ ಟಿಂಕರ್ ಒಬ್ಬರು ಗಿರಾಕಿಗಳಿಗೆ ಹೇಳುವ ಮಾತು ಇದು: "ಬಣ್ಣ ನೋಡಬ್ಯಾಡ್ರಿ ಸರ, ಮೊದಲ ಬುಡ ನೋಡ್ರಿ." ನಾನೂ ಅದನ್ನೇ ಹೇಳುತ್ತೇನೆ: ಚಾಪೆ ಹಾಸಿ ಕಾರಿನ ಕೆಳಗೆ ಮಲಗಿ ನೋಡದೆ ಮುಂಗಡ ಕೊಡಬೇಡಿ. ಜಾಕ್ ಒಂದನ್ನೇ ನಂಬಿ ಮಾತ್ರ ಕೆಳಗೆ ಹೋಗಬೇಡಿ. ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟಿರಲೇಬೇಕು.

1962ರಿಂದ 1980ರವರೆಗೆ ಬಂದ ಎಂ.ಜಿ.ಬಿ. ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ; ಬಾಡಿಯೇ ಭಾರ ಹೊರುತ್ತದೆ. ಅದರಲ್ಲೂ ತಲೆಯ ಮೇಲೆ ಗಟ್ಟಿ ಛಾವಣಿಯಿಲ್ಲದ ಕಾರಿನಲ್ಲಿ ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ಸಿಲ್ ಎಂಬ ಪೆಟ್ಟಿಗೆಯಂಥ ಭಾಗಕ್ಕೆ ಬಹುಪಾಲು ಹೊರೆ ಬೀಳುತ್ತದೆ. ಅದನ್ನು ಪರೀಕ್ಷಿಸುವ ಸರಳ ವಿಧಾನವೊಂದಿದೆ. ಬಾಗಿಲು ಮುಚ್ಚಿ, ಅದರ ಹಿಂಬದಿಯ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಆಮೇಲೆ ಆ ಬದಿಯ ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿಸಿ. ಸಂದಿನ ಅಗಲ ಬದಲಾಗುತ್ತ ಹೋದರೆ, ಬಾಗಿಲು ತೆರೆಯಲು ಮುಚ್ಚಲು ಬಿಗಿಯಾದರೆ, ಸಿಲ್ ಒಳಗೆ ಬಲ ಉಳಿದಿಲ್ಲವೆಂದೇ ಅರ್ಥ. ಹೊರಗಿನ ತಗಡು ಹೊಸದಾಗಿ ಹೊಳೆಯುತ್ತಿದ್ದರೂ ಒಳಪದರವನ್ನು ಯಾರೂ ಮುಟ್ಟಿರುವುದಿಲ್ಲ. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳನ್ನೂ ತೆರೆದು ನೋಡಿ. ಆಸಿಡ್ ಸುರಿದು ಅಲ್ಲಿ ತೂತಾಗುವುದು ಸಾಮಾನ್ಯ.

ತಗಡಿನ ತಗ್ಗು, ತೂತು ಮುಚ್ಚಲು ಬಳಿಯುವ ಪುಟ್ಟಿಯನ್ನು ಎಲ್ಲೆಲ್ಲಿ ತುಂಬಿದ್ದಾರೆ ಎಂದು ತಿಳಿಯಲು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ತಗಡಿನ ಮೇಲೆ ಆಡಿಸಿ. ಎಲ್ಲಿ ಅದು ಹಿಡಿಯದೆ ಜಾರುತ್ತದೋ ಅಲ್ಲಿ ಪುಟ್ಟಿ ದಪ್ಪವಾಗಿದೆ. ಆದರೆ ಕಾರಿನ ಪರಿಚಯವಿಲ್ಲದೆ ಈ ಪರೀಕ್ಷೆ ಮಾಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ: ಜಾಗ್ವಾರ್ ಎಕ್ಸ್‌ಕೆ 120 ಕಾರಿನ ಬಾನೆಟ್, ಬಾಗಿಲು, ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂನವು, ಅಲ್ಲಿ ಅಯಸ್ಕಾಂತ ಹಿಡಿಯದಿರುವುದೇ ಸರಿ.

ಎಂ.ಜಿ.ಯ ಟಿಸಿ ಮತ್ತು ಟಿಡಿ ಮಾದರಿಗಳಲ್ಲಿ ಬಾಡಿಯ ತಗಡನ್ನು ಆಶ್ ಮರದ ಚೌಕಟ್ಟಿಗೆ ಬಡಿದಿರುತ್ತಾರೆ. ಇಂಗ್ಲೆಂಡಿನಲ್ಲಿ ಈ ಮರ ತೇವಕ್ಕೆ ಕೊಳೆಯುವುದೇ ದೊಡ್ಡ ಚಿಂತೆ. ನಮ್ಮಲ್ಲಿ ಅದರ ಜೊತೆಗೆ ಗೆದ್ದಲೂ ಉಂಟು. ಬಾಗಿಲನ್ನು ಅರ್ಧ ತೆರೆದು ಅದರ ತುದಿಯನ್ನು ಮೆಲ್ಲನೆ ಮೇಲಕ್ಕೆತ್ತಿ. ಕೀಲಷ್ಟೇ ಸಡಿಲವಾಗಿದ್ದರೆ ಕೀಲಿನ ಪಿನ್ ಅಲುಗುವುದು ಕಾಣುತ್ತದೆ. ಬಾಗಿಲಿನ ಜೊತೆಗೆ ಕಂಬವೂ ಅಲುಗಿದರೆ ಮರ ಹೋಗಿದೆ. ಚೌಕಟ್ಟು ಬದಲಿಸುವುದೆಂದರೆ ಇಡೀ ಬಾಡಿ ಬಿಚ್ಚುವ ಕೆಲಸ. ನುರಿತ ಬಡಿಗರು ಸಾಗುವಾನಿಯಲ್ಲಿ ಅದನ್ನು ಅಚ್ಚುಕಟ್ಟಾಗಿ ಮಾಡಬಲ್ಲರು, ಆದರೆ ಆ ಕೂಲಿಯನ್ನು ಕಾರಿನ ಬೆಲೆಯಲ್ಲಿ ಮೊದಲೇ ಕಳೆಯಬೇಕು.

ಇಷ್ಟಾದ ಮೇಲೆ ಬಾನೆಟ್ ಎತ್ತೋಣ. ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಡಬಾರದೆಂದು ಮಾರುವವರಿಗೆ ಹೇಳಿರಿ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿರುವ ಸಂಶಯ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಒಮ್ಮೆಲೇ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಕಡೆ ಗಮನ ಕೊಡಬೇಕು. ಪ್ರತಿ ಸಿಲಿಂಡರಿನ ಕಂಪ್ರೆಷನ್, ಅಂದರೆ ಅದರೊಳಗೆ ಏಳುವ ಒತ್ತಡವನ್ನು ಅಳೆಸಿ. ಒಂದು ಸಿಲಿಂಡರಿನಲ್ಲಿ ಉಳಿದವಕ್ಕಿಂತ ಬಹಳ ಕಡಿಮೆ ಬಂದರೆ ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದೋ ಗ್ಯಾಸ್ಕೆಟ್ಟಿನದೋ ಆಗಿರುತ್ತದೆ. ಎಂ.ಜಿ.ಬಿ.ಯ ಎಂಜಿನ್ ಬಿಸಿಯಾಗಿ ಓಡುವಾಗ ಆಯಿಲ್ ಒತ್ತಡ 50ರಿಂದ 80 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ನಡುವೆ ಇರಬೇಕು.

ಇಲ್ಲಿ ನಮ್ಮ ಮೇಸ್ತ್ರಿಗಳಿಗೆ ಅಭಿಮಾನ ಪಡಬೇಕಾದ ಸಂಗತಿಯೊಂದಿದೆ. 1955ರಲ್ಲಿ ಬಂದ ಎಂ.ಜಿ.ಎ. ಕಾರಿನ 1489 ಸಿಸಿ ಎಂಜಿನ್ನೂ ನಮ್ಮ ಹಳೆಯ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ ಸೀರೀಸ್ ಎಂಬ ಒಂದೇ ವಂಶದವು. ಅಂಬಾಸಿಡರ್ ಬಿಚ್ಚಿ ಕಟ್ಟಿದ ಕೈಗೆ ಎಂ.ಜಿ.ಎ. ಎಂಜಿನ್ ಅಪರಿಚಿತವಲ್ಲ. ಹಾಗೆಯೇ 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೇಲೆ ಪಳಗಿದವರಿಗೆ ಟ್ರಯಂಫ್ ಸ್ಪಿಟ್‌ಫೈರ್‌ನ ಮುಂಭಾಗದ ಸಸ್ಪೆನ್ಷನ್ ನೋಡಿದೊಡನೆ ಗುರುತು ಹತ್ತುತ್ತದೆ. ದೊಡ್ಡ ಊರಿನಿಂದ ತಜ್ಞರನ್ನು ಕರೆಸುವ ಮೊದಲು ಈ ಊರಿನ ಹಿರಿಯ ಮೇಸ್ತ್ರಿಯನ್ನು ಗೌರವದಿಂದ ಕರೆದುಕೊಂಡು ಹೋಗಿ, ಅವರ ದಿನದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ. ಇದೇ ನಂಟು ಇನ್ನೊಂದು ಎಚ್ಚರಿಕೆಯನ್ನೂ ಬೇಡುತ್ತದೆ: ಸುಲಭವಾಗಿ ಸಿಗುತ್ತದೆಂದು ಅಂಬಾಸಿಡರ್ ಎಂಜಿನ್ನನ್ನೇ ಸ್ಪೋರ್ಟ್ಸ್ ಕಾರಿಗೆ ಕೂರಿಸಿರುವುದುಂಟು. ಅದು ಚೆನ್ನಾಗಿಯೇ ಓಡಬಹುದು. ಬೆಲೆ ಮತ್ತು ನೋಂದಣಿಯ ಪ್ರಶ್ನೆ ಮಾತ್ರ ನಾನು ಆಗಲೇ ಹೇಳಿದಂತೆ ಬದಲಾಗುತ್ತದೆ.

ಕಡ್ಡಿ ಚಕ್ರಗಳಿರುವ ಕಾರಿನಲ್ಲಿ ಚಕ್ರವನ್ನು ನೆಲದಿಂದ ಎತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಲು ಯತ್ನಿಸಬೇಕು. ಕಟ್ ಕಟ್ ಎಂದು ಆಡಿದರೆ ಚಕ್ರ ಬಿಚ್ಚಿ, ಚಕ್ರ ಕೂರುವ ಹಬ್ ಎಂಬ ಭಾಗದ ಮೇಲಿನ ಹಲ್ಲುಗಳನ್ನು ನೋಡಿ. ಅವುಗಳ ತಲೆ ಚಪ್ಪಟೆಯಾಗಿರಬೇಕು. ಚೂಪಾಗಿದ್ದರೆ ಸವೆದು ಹೋಗಿವೆ, ಒಂದು ದಿನ ಬ್ರೇಕ್ ಹಿಡಿದರೂ ಚಕ್ರ ತಿರುಗುತ್ತಲೇ ಇರುತ್ತದೆ. ಟೈರಿನ ಮೇಲ್ಮೈಯ ಗೀರುಗಳು ಎಷ್ಟೇ ಆಳವಿರಲಿ, ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತವೆ. ಹತ್ತು ವರ್ಷ ದಾಟಿದ ಟೈರಿಗೆ ಬೆಲೆಯೇ ಇಲ್ಲವೆಂದು ಲೆಕ್ಕ ಹಾಕಿ. ಪೆಟ್ರೋಲ್ ಪೈಪುಗಳೂ ಹಾಗೆಯೇ: ಈಗ ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿದ್ದು, ಹಳೆಯ ರಬ್ಬರ್ ಅದನ್ನು ತಾಳುವುದಿಲ್ಲ. ವೈರಿಂಗ್, ಸೀಟು, ಹುಡ್ ಇವೆಲ್ಲ ಹಣದಿಂದ ಮುಗಿಯುವ ಕೆಲಸಗಳು.

ಓಡಿಸಿ ನೋಡುವುದಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿ. ರಿಂಗ್ ರೋಡಿನಲ್ಲಿ ಒಂದಷ್ಟು ದೂರ ಓಡಿಸಿ, ಆಮೇಲೆ ಎಂಜಿನ್ ಚಾಲೂ ಇಟ್ಟೇ ನಿಲ್ಲಿಸಿ ಉಷ್ಣತೆಯ ಮುಳ್ಳನ್ನು ಗಮನಿಸಿ. ತಂಪು ನಾಡಿನಲ್ಲಿ ಹುಟ್ಟಿದ ಈ ಕಾರುಗಳ ರೇಡಿಯೇಟರ್ ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ಮೀರಿದ ಬಿಸಿಲಿಗೆ ತಡೆಯುತ್ತದೆಯೇ ಎಂಬುದು ಇಲ್ಲಿ ವಾಸಿಸುವ ನಮಗೆ ವೇಗಕ್ಕಿಂತ ಮುಖ್ಯ. ಗೇರಿನಲ್ಲಿರುವಾಗ ಕಾಲು ತೆಗೆದರೆ ಗೇರ್ ತಾನಾಗಿ ಹಾರಿ ಬರುತ್ತದೆಯೇ ಎಂಬುದನ್ನೂ ಪರೀಕ್ಷಿಸಿ.

ಬೆಲೆಯ ವಿಷಯದಲ್ಲಿ ನನ್ನ ಸಲಹೆ ನೇರವಾಗಿದೆ. ಹೊಸ ಬಣ್ಣ ಬಳಿದ, ಆದರೆ ಬಿಡಿಭಾಗಗಳು ಬದಲಾದ ಕಾರಿಗಿಂತ, ಬಣ್ಣ ಮಾಸಿದರೂ ಗಾಜಿನ ಚೌಕಟ್ಟು, ಮೀಟರುಗಳು, ಎಸ್‌ಯು ಕಾರ್ಬುರೇಟರ್, ಬಾನೆಟ್ಟಿನ ಹಿಡಿಕೆ ಎಲ್ಲವೂ ಅದರದ್ದೇ ಆಗಿ ಉಳಿದಿರುವ ಕಾರನ್ನು ಆರಿಸಿಕೊಳ್ಳಿ. ಬಣ್ಣ ಬಳಿಸಬಹುದು, ಕಳೆದುಹೋದ ಒಂದು ಮೂಲ ಮೀಟರಿಗಾಗಿ ದೇಶ ದೇಶ ಹುಡುಕಬೇಕಾಗುತ್ತದೆ. ಕಂಡ ದೋಷಗಳನ್ನೆಲ್ಲ ಕಾಗದದಲ್ಲಿ ಬರೆದು, ಪ್ರತಿಯೊಂದರ ಮುಂದೆ ಮೇಸ್ತ್ರಿ ಹೇಳಿದ ಖರ್ಚು ಬರೆದು, ಅದರ ಮೇಲೆ ಇನ್ನಷ್ಟು ಸೇರಿಸಿಕೊಂಡೇ ಮಾತಿಗೆ ಕೂರಿ. ಕಾರು ತೆಲಂಗಾಣ ಅಥವಾ ಮಹಾರಾಷ್ಟ್ರದ್ದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು, ನಮ್ಮ ರಾಜ್ಯದ ತೆರಿಗೆಯ ವಿಚಾರವನ್ನು ಕಲಬುರಗಿಯ ಆರ್.ಟಿ.ಓ. ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯಬೇಕು. ಮುಂಗಡಕ್ಕೆ ಚಾಸಿ ಸಂಖ್ಯೆ ನಮೂದಿಸಿದ ರಸೀದಿ ಪಡೆಯಿರಿ. ಉಳಿದ ಹಣವನ್ನು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಬಿದ್ದು, ಮೂಲ ಆರ್.ಸಿ. ನಿಮ್ಮ ಕೈಗೆ ಬಂದ ನಂತರವೇ ಕೊಡಿ.